ಪೆಡಲ್ ಮೇಲೆ ಕಾಲು ಯಾಕೆ ನಡುಗುತ್ತೆ?

ವೇದಿಕೆಯಲ್ಲಿ ಪಿಯಾನೊ ನುಡಿಸುವಾಗ ಕೈ ನಡುಗುತ್ತದೆ ಅಂತ ಎಲ್ಲರೂ ಮೊದಲೇ ಹೇಳಿದ್ದರು. ಕಾಲಿನ ವಿಷಯ ಮಾತ್ರ ಯಾರೂ ಎತ್ತಿರಲಿಲ್ಲ.

ಮಗಳನ್ನು ಪಿಯಾನೊ ಕ್ಲಾಸಿಗೆ ಬಿಡಲು ಹೋಗಿ, ಹೊರಗೆ ಕಾದು ಕಾದು ಬೇಜಾರಾಗಿ, ಮೂವತ್ತೆಂಟನೇ ವಯಸ್ಸಿಗೆ ನಾನೇ ಸೇರಿಕೊಂಡವನು. ಮಗಳು ಆರು ತಿಂಗಳಿಗೆ ಬಿಟ್ಟಳು, ನಾನು ಉಳಿದುಕೊಂಡೆ. ಎರಡನೇ ವರ್ಷದ ಕೊನೆಗೆ ವಿದ್ಯಾರ್ಥಿಗಳ ಕಾರ್ಯಕ್ರಮ. ಅರವತ್ತು ಪ್ಲಾಸ್ಟಿಕ್ ಕುರ್ಚಿ, ಮುಂದಿನ ಸಾಲಿನಲ್ಲಿ ಅಜ್ಜ ಅಜ್ಜಿಯರು, ಎಲ್ಲರ ಕೈಯಲ್ಲೂ ಮೊಬೈಲು. ನನಗಿಂತ ಮೊದಲು ಏಳು ವರ್ಷದ ಹುಡುಗನೊಬ್ಬ ಬಂದ. ಸ್ಟೂಲ್ ಹತ್ತಿ ಕೂತು, ಎರಡು ನಿಮಿಷ ಪಟಪಟ ನುಡಿಸಿ, ಇಳಿದು ಓಡಿಹೋದ. ಆಮೇಲೆ ನನ್ನ ಹೆಸರು ಕೂಗಿದರು.

ನನ್ನದು ಬೀಥೋವನ್‌ನ ‘ಫ್ಯೂರ್ ಎಲೀಸ್’. ಹೆಸರು ಗೊತ್ತಿಲ್ಲದವರೂ ಟ್ಯೂನ್ ಕೇಳಿರುತ್ತಾರೆ. ಟೈವಾನಿನಲ್ಲಿ ಕಸದ ಗಾಡಿ ಇದೇ ಟ್ಯೂನ್ ಹಾಕಿಕೊಂಡು ಬೀದಿಗೆ ಬರುತ್ತದೆ. ಮೊದಲ ಸಾಲು ಸರಿಯಾಗೇ ಬಂತು. ಎರಡನೇ ಸಾಲಿಗೆ ಪೆಡಲ್ (ಸ್ವರ ಉಳಿಯಲಿ ಅಂತ ಪಿಯಾನೊ ಕೆಳಗೆ ಕಾಲಿನಿಂದ ಒತ್ತುವ ಸನ್ನೆ) ಮೇಲಿದ್ದ ಬಲಗಾಲು ನಡುಗಲು ಶುರುವಾಯಿತು. ಸಣ್ಣ ನಡುಕ ಅಲ್ಲ, ಹೊಲಿಗೆ ಯಂತ್ರ ತುಳಿದ ಹಾಗೆ. ಶೂ ಅಟ್ಟೆ ಪೆಡಲಿಗೆ ಬಡಿಯುವ ಟಕಟಕ ಸದ್ದು ನನಗೇ ಕೇಳಿಸುತ್ತಿತ್ತು. ಇದು ಮುಂದಿನ ಸಾಲಿಗೂ ಕೇಳಿಸ್ತಿದೆಯಾ ಅಂತ ಯೋಚಿಸುವಷ್ಟರಲ್ಲಿ, ಟ್ಯೂನಿನಲ್ಲಿ ನಾನು ಎಲ್ಲಿದ್ದೇನೆ ಅನ್ನುವುದೇ ಮರೆತುಹೋಯಿತು. ಬೆರಳುಗಳು ಮಾತ್ರ ತಮ್ಮ ಪಾಡಿಗೆ ಓಡುತ್ತಿದ್ದವು. ಮುಗಿಸಬೇಕಾದ ಜಾಗಕ್ಕೆ ಬಂದವು, ಮುಗಿಸಲಿಲ್ಲ, ಹಳೇ ದಾರಿಗೇ ಹೊರಳಿದವು. ಇನ್ನೊಂದು ಸುತ್ತು. ಮತ್ತೆ ಅದೇ ಜಾಗ, ಮತ್ತೆ ಅದೇ ತಿರುವು. ಕೊನೆಗೆ ಎಲ್ಲೋ ಒಂದು ಕಡೆ ಕೈ ಎತ್ತಿ, ಎದ್ದು ನಿಂತು ನಮಸ್ಕಾರ ಮಾಡಿದೆ. ಚಪ್ಪಾಳೆ ತಟ್ಟಬೇಕೋ ಬೇಡವೋ ಅಂತ ಒಂದು ಕ್ಷಣ ಯಾರಿಗೂ ಗೊತ್ತಾಗಲಿಲ್ಲ.

ಕೆಳಗಿಳಿದು ಟೀಚರ್ ಹತ್ತಿರ ಹೇಳಿದ್ದು, ಸಂಗೀತ ಕಲಿಯುವ ಎಲ್ಲರೂ ಒಂದಲ್ಲ ಒಂದು ದಿನ ಹೇಳುವ ಮಾತು: “ಮನೇಲಿ ಸರಿಯಾಗಿ ಬರ್ತಿತ್ತು.”

ಸುಳ್ಳಲ್ಲ, ನಿಜವಾಗಿಯೂ ಬರುತ್ತಿತ್ತು. ಹಾಗಾದರೆ ಮನೆಗೂ ವೇದಿಕೆಗೂ ನಡುವೆ ಕಳೆದುಹೋಗಿದ್ದು ಏನು? ಅದನ್ನು ಹುಡುಕುತ್ತಾ ಒಂದು ವರ್ಷ ಕಳೆದೆ. ಒಂದಷ್ಟು ಓದಿ, ಒಂದಷ್ಟು ಅನುಭವಿಸಿ ತಿಳಿದಿದ್ದು ಇಲ್ಲಿದೆ.

ಓಡಲು ರೆಡಿಯಾದ ಕಾಲು

ರಾತ್ರಿ ಹತ್ತೂವರೆಗೆ ಸ್ಕೂಟರಿನ ಹಿಂದೆ ಬೀದಿನಾಯಿ ಅಟ್ಟಿಸಿಕೊಂಡು ಬಂದಿದ್ದು ನೆನಪಿದೆಯಾ? ಬೊಗಳಿದ್ದು ಕೇಳಿದ್ದೇ ತಡ, ನೀವು ಯೋಚನೆ ಮಾಡುವ ಮೊದಲೇ ಎದೆ ಡವಡವ, ಎರಡೂ ಕಾಲು ಮೇಲಕ್ಕೆ. ಮೂತ್ರಪಿಂಡಗಳ ಮೇಲೆ ಟೋಪಿ ಇಟ್ಟ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗಳು ರಕ್ತಕ್ಕೆ ಅಡ್ರಿನಲಿನ್ ಸುರಿದಿರುತ್ತವೆ. ಹಾರ್ವರ್ಡಿನ ವಾಲ್ಟರ್ ಕ್ಯಾನನ್ ಸುಮಾರು ನೂರು ವರ್ಷದ ಹಿಂದೆ ಇದನ್ನು ವಿವರಿಸಿದರು. ಅಪಾಯ ಬಂದಾಗ ದೇಹ ಎರಡೇ ಕೆಲಸಕ್ಕೆ ಸಿದ್ಧವಾಗುತ್ತದೆ: ಹೊಡೆದಾಡು, ಇಲ್ಲವೇ ಓಡು.

ಅರವತ್ತು ಜನ ಸುಮ್ನೆ ಕೂತು ನೋಡುತ್ತಿದ್ದರೂ ದೇಹ ಮಾಡುವುದು ಇದನ್ನೇ. ನಾಯಿಗೊಂದು ವ್ಯವಸ್ಥೆ, ಅಜ್ಜಿಯರಿಗೊಂದು ವ್ಯವಸ್ಥೆ ಅಂತ ಅದರ ಹತ್ತಿರ ಇಲ್ಲ. ಓಡಲು ಬೇಕಾಗಿದ್ದು ತೊಡೆ, ಮೀನಖಂಡದಂಥ ದೊಡ್ಡ ಸ್ನಾಯುಗಳು. ಹಾಗಾಗಿ ರಕ್ತ ಆ ಕಡೆ ಹರಿಯುತ್ತದೆ, ಚರ್ಮದ ಸಣ್ಣ ರಕ್ತನಾಳಗಳು ಕಿರಿದಾಗುತ್ತವೆ. ಬೆರಳು ತಣ್ಣಗಾಗುತ್ತದೆ, ಬಿಗಿಯಾಗುತ್ತದೆ. ಅಂಗೈ ಬೆವರುತ್ತದೆ, ನುಣುಪು ಕೀ ಮೇಲೆ ಬೆರಳು ಜಾರುತ್ತದೆ. ಅಡ್ರಿನಲಿನ್ ಸ್ನಾಯುಗಳ ಮೇಲೂ ಕೆಲಸ ಮಾಡಿ ನಡುಕ ಹೆಚ್ಚಿಸುತ್ತದೆ. ಓಡಲು ತಯಾರಾಗಿ ನಿಂತ ಕಾಲಿಗೆ ನಾವು ಹೇಳುವುದೇನು? “ಹಿಮ್ಮಡಿ ನೆಲಕ್ಕೆ ಊರು, ಮುಂಗಾಲಿನಿಂದ ಪೆಡಲನ್ನು ಮೆಲ್ಲಗೆ ಒತ್ತು, ಅಲ್ಲೇ ಹಿಡಿದಿರು.” ನಡುಗದೆ ಇನ್ನೇನು ಮಾಡುತ್ತದೆ ಪಾಪ.

ಪ್ರತಿ ವಾದ್ಯಕ್ಕೂ ಇದರ ಏಟು ಬೇರೆ ಬೇರೆ ಜಾಗಕ್ಕೆ ಬೀಳುತ್ತದೆ. ಹಾಡುವವರಿಗೆ ಬಾಯಿ ಒಣಗುತ್ತದೆ. ಪಿಟೀಲಿನವರಿಗೆ ಕಮಾನು ನಡುಗುತ್ತದೆ. ಕೊಳಲಿನವರಿಗೆ ಉಸಿರು ಸಾಲದು. ಪಿಯಾನೊದವರಿಗೆ ಬಾಯಿ ಒಣಗಿದರೆ ನಷ್ಟವೇನಿಲ್ಲ. ನಮ್ಮ ಕಷ್ಟ ಎಲ್ಲ ಬೆರಳ ತುದಿ ಮತ್ತು ಪೆಡಲ್ ಕಾಲಲ್ಲಿ. ಇನ್ನೊಂದು ಎಲ್ಲರಿಗೂ ಸಮ: ಎದೆ ಜೋರಾಗಿ ಬಡಿಯುವಾಗ ಸಮಯದ ಲೆಕ್ಕ ತಪ್ಪುತ್ತದೆ. ಮನೆಯ ವೇಗದಲ್ಲೇ ಶುರು ಮಾಡಿದೆ ಅಂದುಕೊಂಡಿರುತ್ತೀರಿ, ರೆಕಾರ್ಡಿಂಗ್ ಕೇಳಿದರೆ ಬಸ್ಸು ತಪ್ಪಿಸಿಕೊಂಡವರ ಹಾಗೆ ಓಡಿರುತ್ತೀರಿ.

ಅಭ್ಯಾಸ ಸಾಲದೆ ಹೀಗಾಗುತ್ತದೆ ಅನ್ನುವವರಿಗೆ ಒಂದೆರಡು ದೊಡ್ಡ ಪಿಯಾನೊ ವಾದಕರ ಹೆಸರು ಹೇಳಬೇಕು. ಶೋಪಾನ್‌ಗೆ ದೊಡ್ಡ ಸಭಾಂಗಣ ಅಂದರೆ ಆಗುತ್ತಿರಲಿಲ್ಲ. ಗೆಳೆಯರ ಮನೆಯ ಹಜಾರದಲ್ಲಿ ನುಡಿಸುವುದೇ ಇಷ್ಟ. ಇಡೀ ಜೀವನದಲ್ಲಿ ಅವನು ಕೊಟ್ಟ ಸಾರ್ವಜನಿಕ ಸಂಗೀತ ಕಚೇರಿಗಳು ಮೂವತ್ತರ ಆಸುಪಾಸು ಅಷ್ಟೆ. ಹೋರೊವಿಟ್ಜ್ 1953ರಲ್ಲಿ ವೇದಿಕೆ ಬಿಟ್ಟವನು ಹನ್ನೆರಡು ವರ್ಷ ತಿರುಗಿ ನೋಡಲಿಲ್ಲ. 1965ರ ಮೇ 9ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ಗೆ ವಾಪಸು ಬಂದಾಗ, ಮೊದಲ ಕೃತಿಯ ಶುರುವಿನಲ್ಲೇ ತಪ್ಪು ಸ್ವರ ಬಿದ್ದವು. ಆ ಕಚೇರಿಯನ್ನು ಜನ ಇವತ್ತಿಗೂ ಕೇಳುತ್ತಾರೆ. ಗ್ಲೆನ್ ಗೂಲ್ಡ್ 1964ರಲ್ಲಿ, ಇನ್ನೂ 31 ವರ್ಷಕ್ಕೇ, ಕಚೇರಿಗಳ ಸಹವಾಸವೇ ಬೇಡ ಅಂತ ಸ್ಟುಡಿಯೊ ಸೇರಿಕೊಂಡ. ಇವರು ಯಾರೂ ಅಭ್ಯಾಸ ಕಮ್ಮಿ ಮಾಡಿದವರಲ್ಲ.

ಹಾಗಾಗಿ ಭಯವನ್ನೇ ಇಲ್ಲವಾಗಿಸುತ್ತೇನೆ ಅನ್ನುವುದು ನನ್ನ ಮಟ್ಟಿಗೆ ತಪ್ಪು ದಾರಿ. ಮೊದಲ ಸಲ ನಾನು ಹೋಗಿದ್ದು ಅದೇ ದಾರಿಯಲ್ಲಿ. ಭಯ ಬರಲೇಬಾರದು ಅಂತ ಕೂತಿದ್ದೆ, ಬಂದ ತಕ್ಷಣ ಕೈಕಾಲು ಬಿಟ್ಟೆ.

ಜಿರಳೆ, ರಂಗೋಲಿ, ಮಗ್ಗಿ

1969ರಲ್ಲಿ ರಾಬರ್ಟ್ ಝಾಯೆನ್ಸ್ ಅನ್ನುವ ಮನಶ್ಶಾಸ್ತ್ರಜ್ಞ ತನ್ನ ಜೊತೆಗಾರರೊಂದಿಗೆ ಜಿರಳೆಗಳ ಓಟ ಏರ್ಪಡಿಸಿದ. ತಮಾಷೆ ಅಲ್ಲ, ನಿಜವಾದ ಪ್ರಯೋಗ. ಜಿರಳೆಗೆ ಬೆಳಕು ಕಂಡರಾಗದು. ಬೆಳಕು ಬಿಟ್ಟರೆ ಕತ್ತಲೆ ಪೆಟ್ಟಿಗೆಯ ಕಡೆ ಓಡುತ್ತದೆ. ಒಂದು ದಾರಿ ನೇರ. ಇನ್ನೊಂದರಲ್ಲಿ ತಿರುವು ತಗೊಳ್ಳಬೇಕು. ದಾರಿಯ ಪಕ್ಕದಲ್ಲಿ ಪಾರದರ್ಶಕ ಡಬ್ಬಿಗಳನ್ನಿಟ್ಟು, ಅದರೊಳಗೆ ಬೇರೆ ಜಿರಳೆಗಳನ್ನು ಪ್ರೇಕ್ಷಕರಾಗಿ ಕೂರಿಸಿದರು. ಪ್ರೇಕ್ಷಕರಿದ್ದಾಗ ನೇರ ದಾರಿಯ ಜಿರಳೆ ಒಂಟಿಯಾಗಿದ್ದಾಗಿನದಕ್ಕಿಂತ ಜೋರಾಗಿ ಓಡಿತು. ತಿರುವಿದ್ದ ದಾರಿಯಲ್ಲಿ ಮಾತ್ರ ಇನ್ನೂ ನಿಧಾನವಾಯಿತು.

ಝಾಯೆನ್ಸ್ ಹೇಳಿದ್ದು ಇಷ್ಟು: ಯಾರಾದರೂ ಜೊತೆಗಿದ್ದರೆ ಜೀವಿ ಚುರುಕಾಗುತ್ತದೆ, ಆಗ ಯಾವುದು ಹೆಚ್ಚು ಅಭ್ಯಾಸವಾಗಿದೆಯೋ ಅದೇ ಮುನ್ನುಗ್ಗಿ ಬರುತ್ತದೆ. ಸುಲಭದ್ದು, ಚೆನ್ನಾಗಿ ಬರುವಂಥದ್ದು ಇನ್ನೂ ಚೆನ್ನಾಗಿ ಬರುತ್ತದೆ. ಅರ್ಧಂಬರ್ಧ ಕಲಿತದ್ದು ಕೈಕೊಡುತ್ತದೆ. ನನ್ನ ವಿಷಯಕ್ಕೆ ಬಂದರೆ, ಮನೆಯಲ್ಲಿ ಎಷ್ಟೋ ಸಲ ‘ಮೊದಲಿಂದ ಶುರು’ ಮಾಡುತ್ತಿದ್ದೆ. ಎಲ್ಲಿ ತಪ್ಪಿದರೂ ಮೊದಲಿಗೇ ಓಟ. ಹಾಗಾಗಿ ನನ್ನ ಬೆರಳಿಗೆ ಅತಿ ಹೆಚ್ಚು ಅಭ್ಯಾಸವಾಗಿದ್ದು ಮೊದಲ ಭಾಗ. ವೇದಿಕೆಯಲ್ಲಿ ದಿಕ್ಕು ತಪ್ಪಿದಾಗ ಅದು ಅಲ್ಲಿಗೇ ಹೋಯಿತು. ಹಗ್ಗ ಬಿಚ್ಚಿದ ಹಸು ಕೊಟ್ಟಿಗೆಗೆ ಹೋದ ಹಾಗೆ.

ಆದರೆ ದಿಕ್ಕು ಯಾಕೆ ತಪ್ಪಿತು? ಇದಕ್ಕೆ ಅಮ್ಮನ ರಂಗೋಲಿ ನೆನಪಾಗುತ್ತದೆ. ಹದಿನೈದು ಚುಕ್ಕಿಯ ಎಳೆ ರಂಗೋಲಿಯನ್ನು ಅಮ್ಮ ಹಾಲಿನವನ ಜೊತೆ ಮಾತಾಡುತ್ತಲೇ ಹಾಕಿ ಮುಗಿಸುತ್ತಿದ್ದಳು. ಪಕ್ಕದಲ್ಲಿ ನಿಂತು “ಇಲ್ಲಿಂದ ಯಾವ ಚುಕ್ಕಿಗಮ್ಮಾ ಹೋಗೋದು?” ಅಂತ ಕೇಳಿದರೆ ಕೈ ನಿಂತುಬಿಡುತ್ತಿತ್ತು. “ಸುಮ್ನಿರೋ, ಮಾತಾಡಿಸಬೇಡ” ಅಂತ ಬೈಗುಳ. ಮಾತಾಡಿಸಿದ್ದರಿಂದ ನಿಂತಿದ್ದಲ್ಲ. ಕೈ ತಾನಾಗಿ ಮಾಡುತ್ತಿದ್ದ ಕೆಲಸದ ಮೇಲೆ ಗಮನ ಎಳೆದಿದ್ದರಿಂದ ನಿಂತಿದ್ದು.

ಚೆನ್ನಾಗಿ ಕಲಿತ ಚಲನೆಗಳನ್ನು ಮಿದುಳು ಒಂದು ಇಡೀ ಕಟ್ಟಾಗಿ ಇಟ್ಟುಕೊಂಡಿರುತ್ತದೆ. ಭಯವಾದಾಗ ನಮಗೆ ಆ ಕಟ್ಟನ್ನು ಬಿಚ್ಚಿ ನೋಡುವ ಚಟ ಶುರುವಾಗುತ್ತದೆ. ‘ಈಗ ಮೂರನೇ ಬೆರಳಾ, ನಾಲ್ಕನೆಯದಾ?’ (ಪಿಯಾನೊದಲ್ಲಿ ಹೆಬ್ಬೆರಳು ಒಂದು, ಕಿರುಬೆರಳು ಐದು.) ಕೇಳಿಕೊಂಡ ಕ್ಷಣಕ್ಕೆ ಓಟ ಮುರಿಯುತ್ತದೆ. ಸಿಯಾನ್ ಬೈಲಾಕ್ ಮತ್ತು ಥಾಮಸ್ ಕಾರ್ 2001ರಲ್ಲಿ ಗಾಲ್ಫ್ ಚೆಂಡು ಹೊಡೆಯುವವರ ಮೇಲೆ ಇದನ್ನು ಪರೀಕ್ಷಿಸಿದರು. ಅದರಲ್ಲಿ ನಮಗೆ ಬೇಕಾದ ಒಂದು ಸಂಗತಿ ಇದೆ: ಕಲಿಯುವಾಗಲೇ ಮುಂದೆ ವಿಡಿಯೊ ಕ್ಯಾಮೆರಾ ಇಟ್ಟು, ನಿಮ್ಮ ಆಟವನ್ನು ಪರಿಣತರು ನೋಡುತ್ತಾರೆ ಅಂತ ಹೇಳಿ ಅಭ್ಯಾಸ ಮಾಡಿಸಿದವರು, ಆಮೇಲೆ ಒತ್ತಡ ಬಂದಾಗ ಮುಗ್ಗರಿಸಲಿಲ್ಲ. ಇದಕ್ಕೆ ಮತ್ತೆ ಬರುತ್ತೇನೆ.

ಇನ್ನೊಂದು ತೊಂದರೆ ನೆನಪಿನದ್ದು. ಹದಿನೇಳರ ಮಗ್ಗಿ ಬಾಯಿಪಾಠ ಮಾಡಿದ ಹುಡುಗನನ್ನು ಥಟ್ಟಂತ “ಹದಿನೇಳೆಂಟ್ಲ?” ಅಂತ ಕೇಳಿ ನೋಡಿ. ಮನಸ್ಸಿನಲ್ಲೇ ಹದಿನೇಳೊಂದ್ಲದಿಂದ ಹತ್ತಿಕೊಂಡು ಬಂದು ನೂರಮೂವತ್ತಾರು ಅನ್ನುತ್ತಾನೆ. ಮಗ್ಗಿ ಅವನಿಗೆ ಸರಪಳಿಯಾಗಿ ಗೊತ್ತು, ಬಿಡಿಬಿಡಿಯಾಗಿ ಗೊತ್ತಿಲ್ಲ. ಬೆರಳಿನ ನೆನಪೂ ಹಾಗೇ. ಒಂದು ಸ್ವರ ಮುಂದಿನ ಸ್ವರವನ್ನು ಎಳೆದುಕೊಂಡು ಬರುತ್ತದೆ. ಒಂದು ಕೊಂಡಿ ಕಳಚಿದರೆ ಮುಂದಿನದು ಕತ್ತಲೆ.

ಫ್ಯೂರ್ ಎಲೀಸ್‌ನಲ್ಲಿ ಈ ಕತ್ತಲೆ ಎಲ್ಲಿದೆ ಅಂತ ಹತ್ತಿರದಿಂದ ನೋಡೋಣ. ಎಲ್ಲರಿಗೂ ಗೊತ್ತಿರುವ ಆ ಮೊದಲ ಟ್ಯೂನ್ ಇದರಲ್ಲಿ ಮೂರು ಸಲ ಬರುತ್ತದೆ. ಒಂದೇ ಸರ್ಕಲ್ಲಿಗೆ ಮೂರು ಸಲ ಬಂದ ಹಾಗೆ. ಮೊದಲನೇ ಸಲ ಅಲ್ಲಿಂದ ಎಫ್ ಮೇಜರ್ ಅನ್ನುವ ಸ್ವರಶ್ರೇಣಿಯ ಹಸನ್ಮುಖಿ ರಸ್ತೆಗೆ ತಿರುಗಬೇಕು. ಎರಡನೇ ಸಲ ಎಡಗೈ ಒಂದೇ ಕೀಯನ್ನು ಗುದ್ದುತ್ತಾ ಹೋಗುವ ಕತ್ತಲೆ ರಸ್ತೆಗೆ. ಮೂರನೇ ಸಲ ಎಲ್ಲಿಗೂ ತಿರುಗದೆ ಗಾಡಿ ನಿಲ್ಲಿಸಬೇಕು. ಸರ್ಕಲ್ ಮೂರೂ ಸಲ ಒಂದೇ ಥರ ಇರುತ್ತದೆ, ಬೆರಳಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಇದು ಎಷ್ಟನೇ ಸಲ ಅಂತ ತಲೆಗೆ ಮಾತ್ರ ಗೊತ್ತಿರಬೇಕು. ನನ್ನ ತಲೆ ಆಗ ಶೂ ಅಟ್ಟೆಯ ಸದ್ದು ಕೇಳುತ್ತಿತ್ತು.

ಹಾಗಾಗಿ ವೇದಿಕೆಯಲ್ಲಿ ತಲೆಗೆ ಕೆಲಸ ಕೊಡಬೇಕು, ಆದರೆ ಬೆರಳಿನ ಕೆಲಸ ಅಲ್ಲ. ರೋಜರ್ ಚಾಫಿನ್ ಅನ್ನುವ ಮನಶ್ಶಾಸ್ತ್ರಜ್ಞ, ಗ್ಯಾಬ್ರಿಯೆಲಾ ಇಮ್ರೆ ಅನ್ನುವ ಪಿಯಾನೊ ವಾದಕಿ ಬಾಖ್‌ನ ಒಂದು ಕೃತಿಯನ್ನು ಕಲಿಯುವುದನ್ನು ತಿಂಗಳುಗಟ್ಟಲೆ ಹಿಂಬಾಲಿಸಿ ದಾಖಲಿಸಿದ. ಆಕೆ ಕೃತಿಯ ಉದ್ದಕ್ಕೂ ಗುರುತುಗಳನ್ನು ಮನಸ್ಸಿನಲ್ಲಿ ನೆಟ್ಟುಕೊಳ್ಳುತ್ತಿದ್ದಳು: ಇಲ್ಲಿ ಹೊಸ ಭಾಗ, ಇಲ್ಲಿ ಭಾವ ಬದಲಾಗುತ್ತದೆ, ಇಲ್ಲಿ ಬೆರಳು ಹೀಗೆ. ನುಡಿಸುವಾಗ ಗಮನ ಒಂದು ಗುರುತಿನಿಂದ ಇನ್ನೊಂದಕ್ಕೆ ಹಾರುತ್ತದೆ. ನಡುವಿನದ್ದನ್ನು ಬೆರಳು ನೋಡಿಕೊಳ್ಳುತ್ತದೆ. ಎಲ್ಲಾದರೂ ತಪ್ಪಿದರೆ ಮುಂದಿನ ಗುರುತಿಗೆ ಹಾರಿ ಅಲ್ಲಿಂದ ಹೊರಡಬಹುದು.

ಇದನ್ನು ನಾವೂ ಮಾಡಬಹುದು, ಕಷ್ಟವಿಲ್ಲ. ಸ್ವರ ಬರೆದಿರುವ ಪುಸ್ತಕದಲ್ಲಿ ಪೆನ್ಸಿಲ್‌ನಿಂದ ಎಂಟೋ ಹತ್ತೋ ಜಾಗ ಗುರುತು ಮಾಡಿ. ಚೀಟಿ ಎತ್ತಿ, ಬಂದ ನಂಬರಿನಿಂದ ಶುರು ಮಾಡಿ. ಕೊನೆಯಿಂದ ಹಿಂದಕ್ಕೂ ಬನ್ನಿ: ಮೊದಲು ಹತ್ತನೇ ಗುರುತಿನಿಂದ ಕೊನೆಯವರೆಗೆ, ಆಮೇಲೆ ಒಂಬತ್ತರಿಂದ ಕೊನೆಯವರೆಗೆ, ಹೀಗೆ. ಇದರಲ್ಲೊಂದು ಲಾಭ ಇದೆ. ಕೃತಿ ಮುಂದೆ ಹೋದ ಹಾಗೆ ನಿಮಗೆ ಹೆಚ್ಚು ಗೊತ್ತಿರುವ ಜಾಗಕ್ಕೆ ಹೋಗುತ್ತಿರುತ್ತೀರಿ. ಸಾಮಾನ್ಯವಾಗಿ ಆಗುವುದು ಇದರ ಉಲ್ಟಾ.

ಹೀಗೆ ಒಳಗೆ ಇಳಿದಿರುವ ಕೃತಿ ಏನು ಮಾಡಬಲ್ಲದು ಅನ್ನುವುದಕ್ಕೆ ಆಮ್‌ಸ್ಟರ್‌ಡ್ಯಾಮಿನ ಒಂದು ವಿಡಿಯೊ ಇದೆ, ನೀವೂ ನೋಡಿರಬಹುದು. ಪೋರ್ಚುಗಲ್‌ನ ಪಿಯಾನೊ ವಾದಕಿ ಮರಿಯಾ ಜುವಾವ್ ಪಿರೆಶ್, ವಾದ್ಯವೃಂದ ನಡೆಸುವ ಕಂಡಕ್ಟರ್ ರಿಕಾರ್ಡೊ ಶಾಯಿ. ಮಧ್ಯಾಹ್ನದ ಕಚೇರಿ, ಜನ ಕೂತಿದ್ದಾರೆ. ವಾದ್ಯವೃಂದ ಮೊಜಾರ್ಟ್‌ನ ಡಿ ಮೈನರ್ ಕಾನ್ಚೆರ್ಟೊ (ಒಬ್ಬ ವಾದಕರು ವಾದ್ಯವೃಂದದ ಜೊತೆ ನುಡಿಸುವ ಕೃತಿ) ಶುರು ಮಾಡಿತು. ಪಿರೆಶ್ ಬೇರೆ ಕಾನ್ಚೆರ್ಟೊ ಅಂದುಕೊಂಡು ಬಂದಿದ್ದರು. ಅವರ ಮುಖ ಇಳಿದುಹೋಗುತ್ತದೆ, ತಲೆ ಕೈಗೆ ಒರಗುತ್ತದೆ. ಪಿಯಾನೊ ಸೇರಿಕೊಳ್ಳುವವರೆಗೆ ವಾದ್ಯವೃಂದ ಎರಡು ನಿಮಿಷಕ್ಕಿಂತ ಜಾಸ್ತಿ ನುಡಿಸುತ್ತದೆ. ಶಾಯಿ ಕೈ ಬೀಸುತ್ತಲೇ, ನಿಮಗೆ ಇದು ಬರುತ್ತೆ ಅಂತ ಹುರಿದುಂಬಿಸುತ್ತಾರೆ. ಸರದಿ ಬಂದಾಗ ಅವರು ನುಡಿಸಿಯೇಬಿಡುತ್ತಾರೆ. ಜನ ಇದನ್ನು ಪವಾಡ ಅಂತ ಹಂಚಿಕೊಳ್ಳುತ್ತಾರೆ. ನನಗೆ ಪವಾಡಕ್ಕಿಂತ ಹೆಚ್ಚಾಗಿ ಅದರ ಹಿಂದಿನ ವರ್ಷಗಳು ಕಾಣುತ್ತವೆ. ಬರೀ ಬೆರಳಿಗೆ ಗೊತ್ತಿದ್ದ ಕೃತಿ ಆ ಎರಡು ನಿಮಿಷದಲ್ಲಿ ವಾಪಸು ಬರುವುದು ಸಾಧ್ಯವೇ ಇರಲಿಲ್ಲ.

ಅಂದಹಾಗೆ, ಪುಸ್ತಕ ನೋಡದೆ ನುಡಿಸಲೇಬೇಕು ಅನ್ನುವ ನಿಯಮ ಆಕಾಶದಿಂದ ಬಿದ್ದಿದ್ದಲ್ಲ. 1830ರ ದಶಕದಲ್ಲಿ ಫ್ರಾನ್ಜ್ ಲಿಸ್ಟ್, ಕ್ಲಾರಾ ಶೂಮನ್ ಥರದ ಪಿಯಾನೊ ವಾದಕರು ಅದನ್ನು ರೂಢಿಗೆ ತಂದರು. ಆಗ ಕ್ಲಾರಾ ಮೇಲೆ ‘ಎಷ್ಟು ಅಹಂಕಾರ’ ಅನ್ನುವ ಟೀಕೆಯೂ ಬಂದಿತ್ತು. ರಷ್ಯಾದ ರಿಕ್ಟರ್ ವಯಸ್ಸಾದ ಮೇಲೆ ಸಭಾಂಗಣ ಕತ್ತಲು ಮಾಡಿಸಿ, ಪಿಯಾನೊ ಮೇಲೆ ಒಂದು ಸಣ್ಣ ದೀಪ ಇಟ್ಟುಕೊಂಡು, ಪುಸ್ತಕ ನೋಡಿಯೇ ನುಡಿಸುತ್ತಿದ್ದರು. ನಮ್ಮ ಮಕ್ಕಳು ಬರೆಯುವ ಟ್ರಿನಿಟಿ, ಎಬಿಆರ್‌ಎಸ್‌ಎಂ ಗ್ರೇಡ್ ಪರೀಕ್ಷೆಗಳಲ್ಲೂ ಪುಸ್ತಕ ಇಟ್ಟುಕೊಳ್ಳಬಹುದು. ಸುಮ್ನೆ ಯಾಕೆ ಇಲ್ಲದ ಭಾರ ಹೊರುವುದು?

ನೆಲ ನಿಜವಾಗಿಯೂ ಡೊಂಕು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪಿಯಾನೊದವರ ವಿಷಯದಲ್ಲಿ ಮಾತ್ರ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ. ವೀಣೆಯವರು ತಮ್ಮ ವೀಣೆ ತರುತ್ತಾರೆ, ಪಿಟೀಲಿನವರು ತಮ್ಮ ಪಿಟೀಲು. ನಾವು ಹೋದಲ್ಲಿ ಇರುವ ಪಿಯಾನೊದ ಜೊತೆ ಆವತ್ತೇ ಪರಿಚಯ ಮಾಡಿಕೊಂಡು, ಆವತ್ತೇ ಮದುವೆ ಆಗಬೇಕು. 1986ರಲ್ಲಿ ಮಾಸ್ಕೊಗೆ ಹೋದಾಗ ಹೋರೊವಿಟ್ಜ್ ತನ್ನ ಸ್ಟೈನ್‌ವೇ ಪಿಯಾನೊವನ್ನೇ ವಿಮಾನಕ್ಕೆ ಹಾಕಿಸಿಕೊಂಡು ಹೋದ. ಗೂಲ್ಡ್ ತನ್ನ ಅಪ್ಪ ಸರಿಮಾಡಿಕೊಟ್ಟ ಗಿಡ್ಡ ಮಡಚುಕುರ್ಚಿಯನ್ನು ಹೋದಲ್ಲೆಲ್ಲ ಹೊತ್ತುಕೊಂಡು ತಿರುಗಿದ. ನಮಗೆ ಎರಡೂ ಆಗದು.

ಮನೆಯಲ್ಲಿ ಕೀಬೋರ್ಡ್ ಮೇಲೆ ಕಲಿತವರಿಗೆ ಇದು ಇನ್ನೂ ದೊಡ್ಡ ಏಟು. ಪಿಯಾನೊದ ಕೀ ಸುಮಾರು ಒಂದು ಸೆಂಟಿಮೀಟರ್ ಕೆಳಗಿಳಿಯುತ್ತದೆ, ಅದನ್ನು ಇಳಿಸಲು 50 ಗ್ರಾಂ ಆಸುಪಾಸಿನ ಭಾರ ಬೇಕು. 61 ಕೀಗಳ ಹಗುರ ಕೀಬೋರ್ಡಿಗೆ ಒಗ್ಗಿದ ಬೆರಳಿಗೆ ಅದು ಒದ್ದೆ ಮಣ್ಣು ತುಳಿದ ಹಾಗೆ. ಮೆಲ್ಲಗೆ ನುಡಿಸಲು ಹೋದರೆ ಸ್ವರವೇ ಹೊರಡುವುದಿಲ್ಲ. ಅದನ್ನು ಭಯ ಅಂತ ತಿಳಿದು ಇನ್ನಷ್ಟು ಹೆದರುತ್ತೇವೆ. ಅರ್ಧ ಗಂಟೆ ಮೊದಲೇ ಹೋಗಿ, ಕೇಳಿಕೊಂಡು ಐದು ನಿಮಿಷ ನುಡಿಸಿ. ಇಡೀ ಕೃತಿ ಬೇಡ. ಅತಿ ಮೆಲ್ಲಗಿನ ಸಾಲು ಒಂದು, ಪೆಡಲ್ ಎಷ್ಟು ಒತ್ತಿದರೆ ಹಿಡಿಯುತ್ತದೆ ಅನ್ನುವುದು ಒಂದು. ಅಷ್ಟು ಸಾಕು.

ಸ್ಟೂಲ್ ಎತ್ತರ ಸರಿಮಾಡಿಕೊಳ್ಳಲು ನಾಚಿಕೆ ಬೇಡ. ನನಗಿಂತ ಮೊದಲು ನುಡಿಸಿದ್ದು ಏಳು ವರ್ಷದ ಹುಡುಗ, ನಾನು ಅವನ ಎತ್ತರದ ಸ್ಟೂಲಿನಲ್ಲೇ ಮೊಣಕಾಲು ಪಿಯಾನೊಗೆ ತಾಗಿಸಿಕೊಂಡು ಕೂತುಬಿಟ್ಟಿದ್ದೆ! ಎಲ್ಲರೂ ಕಾಯುತ್ತಾರೆ ಅನ್ನುವ ಸಂಕೋಚ. ಆ ಹತ್ತು ಸೆಕೆಂಡು ನಿಮ್ಮದು. ಗುಂಡಿ ತಿರುಗಿಸುತ್ತಾ ಉಸಿರಾಡಿ.

ಇನ್ನು ಅಭ್ಯಾಸ. ಮನೆಯಲ್ಲಿ ನಾವು ಮಾಡುವುದು ಕೃತಿಯ ಅಭ್ಯಾಸ. ನುಡಿಸಿ ತೋರಿಸುವ ಅಭ್ಯಾಸ ಬೇರೆಯೇ, ಅದನ್ನು ಯಾರೂ ಮಾಡುವುದಿಲ್ಲ. ಇದು ನನಗೆ ಹೊಳೆದಾಗ ಕೆನ್ನೆಗೆ ಹೊಡೆದ ಹಾಗಾಯಿತು. ಮನೆಯಲ್ಲಿ ತಪ್ಪಿದ ಕೂಡಲೇ ನಿಲ್ಲಿಸುತ್ತೇವೆ, ತಿದ್ದುತ್ತೇವೆ, ಮತ್ತೆ ಶುರು ಮಾಡುತ್ತೇವೆ. ಅಂದರೆ ದಿನಾ ನಿಲ್ಲಿಸುವುದನ್ನೇ ಅಭ್ಯಾಸ ಮಾಡುತ್ತೇವೆ. ವೇದಿಕೆಯಲ್ಲಿ ಬೇಕಾಗಿದ್ದು ನಿಲ್ಲಿಸದಿರುವುದು. ನಮ್ಮ ಕರ್ನಾಟಕ ಸಂಗೀತದವರಿಗೆ ಇದು ಬೇಗ ಅರ್ಥವಾಗುತ್ತದೆ. ಹಾಡುವವರು ಸಾಹಿತ್ಯ ಮರೆತರೂ ತಾಳ ನಿಲ್ಲುವುದಿಲ್ಲ, ಮುಂದಿನ ಎಡುಪಿಗೆ (ತಾಳದಲ್ಲಿ ಹಾಡಿನ ಸಾಲು ಶುರುವಾಗುವ ಜಾಗಕ್ಕೆ) ಬಂದು ಸೇರಿಕೊಳ್ಳಬೇಕು. ಪಿಯಾನೊದಲ್ಲಿ ತಾಳ ಹಾಕುವ ಇನ್ನೊಬ್ಬರಿಲ್ಲ. ನಿಮ್ಮ ಎಡಗೈಯೇ ಮೃದಂಗ. ಬಲಗೈ ಬಿದ್ದರೂ ಎಡಗೈ ನಡೆಯುತ್ತಿರಲಿ.

ಹಾಗಾಗಿ ವಾರದಲ್ಲಿ ಎರಡು ದಿನವಾದರೂ ‘ಒಂದೇ ಟೇಕ್’ ದಿನ ಇರಬೇಕು. ನಾನು ಮಾಡುತ್ತಿದ್ದುದು ಹೀಗೆ: ಅಪಾರ್ಟ್‌ಮೆಂಟಿನ ಮೂರು ಮಹಡಿ ಮೆಟ್ಟಿಲನ್ನು ಓಡುತ್ತಾ ಹತ್ತಿ ಬಂದು, ಎದೆ ಬಡಿಯುತ್ತಿರುವಾಗಲೇ ಸ್ಟೂಲ್ ಮೇಲೆ ಕೂತು, ಎದುರಿಗೆ ಫೋನ್ ಕ್ಯಾಮೆರಾ ಆನ್ ಮಾಡಿ, ಬೆರಳು ಬಿಸಿ ಮಾಡಿಕೊಳ್ಳದೆ, ಮೊದಲಿಂದ ಕೊನೆವರೆಗೆ ಒಂದೇ ಸಲ. ತಪ್ಪಿದರೂ ನಿಲ್ಲುವಂತಿಲ್ಲ. ಮೊದಲ ದಿನ ಆದ ಅನಾಹುತವನ್ನು ಇಲ್ಲಿ ಬರೆಯುವುದಿಲ್ಲ. ಮೂರನೇ ವಾರಕ್ಕೆ ಆ ಕೆಂಪು ಚುಕ್ಕಿಯ ಹೆದರಿಕೆ ಕಮ್ಮಿಯಾಯಿತು. ಬೈಲಾಕ್ ಅವರ ಗಾಲ್ಫಿನವರಿಗೆ ಕ್ಯಾಮೆರಾ ಮಾಡಿದ ಉಪಕಾರ ಇದೇ ಇರಬೇಕು. ಆಮೇಲೆ ನೆಂಟರು. “ಪುಟ್ಟಾ, ಮಾಮಂಗೆ ಒಂದು ಹಾಡು ಹೇಳು” ಅಂತ ಚಿಕ್ಕಂದಿನಲ್ಲಿ ನಮ್ಮನ್ನು ಗೋಳಾಡಿಸಿದವರ ಮೇಲೆ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗದು. ಕಾಫಿ ಕೊಟ್ಟು ಕೂರಿಸಿ, ನುಡಿಸಿ.

ಕಾರ್ಯಕ್ರಮದ ದಿನ ಕೊನೆಯ ಅರ್ಧ ಗಂಟೆಯಲ್ಲಿ ಹೊಸದಾಗಿ ಕಲಿಯುವುದೇನೂ ಇಲ್ಲ, ದೇಹವನ್ನು ನೋಡಿಕೊಂಡರೆ ಸಾಕು. ಗೂಲ್ಡ್ ನುಡಿಸುವ ಮೊದಲು ಮೊಣಕೈವರೆಗೂ ಕೈಯನ್ನು ಬಿಸಿನೀರಿನಲ್ಲಿ ಇಟ್ಟುಕೊಂಡು ಕೂರುತ್ತಿದ್ದ. ಹುಚ್ಚಾಟ ಅಂತ ನಗುತ್ತಿದ್ದರು, ಆದರೆ ತಣ್ಣಗಾದ ಬೆರಳಿಗೆ ಅದಕ್ಕಿಂತ ನೇರ ಮದ್ದಿಲ್ಲ. ಬಿಸಿನೀರಿನ ಬಾಟಲಿ ಹಿಡಿದುಕೊಂಡರೂ ನಡೆಯುತ್ತದೆ. ಉಸಿರನ್ನು ಒಳಗೆ ನಾಲ್ಕು ಎಣಿಸಿ, ಹೊರಗೆ ಆರು ಎಣಿಸಿ. ನಿಮಿಷಕ್ಕೆ ಆರು ಉಸಿರಾಗುತ್ತದೆ. ಉಸಿರು ಒಳಗೆ ಹೋಗುವಾಗ ಎದೆಬಡಿತ ಸ್ವಲ್ಪ ಏರುತ್ತದೆ, ಹೊರಗೆ ಬರುವಾಗ ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರ ಅದನ್ನು ಇಳಿಸುತ್ತದೆ. ಹಾಗಾಗಿ ಹೊರ ಉಸಿರು ಉದ್ದ ಇರಬೇಕು. ಬಾಳೆಹಣ್ಣು ತಿಂದರೆ ನಡುಕ ನಿಲ್ಲುತ್ತದೆ ಅಂತ ಹೇಳುವವರು ಇದ್ದಾರೆ. ತಿನ್ನಿ, ಹೊಟ್ಟೆಗೆ ಒಳ್ಳೆಯದು.

‘ಶಾಂತವಾಗಿರು’ ಅಂತ ಯಾರಾದರೂ ಬೆನ್ನು ತಟ್ಟಿದರೆ ನನಗಂತೂ ಇನ್ನೂ ಗಾಬರಿ. ಇದಕ್ಕೂ ಕಾರಣ ಇದೆ. 2014ರಲ್ಲಿ ಹಾರ್ವರ್ಡಿನ ಆಲಿಸನ್ ವುಡ್ ಬ್ರೂಕ್ಸ್ ಕೆಲವರಿಗೆ ಬೇರೆಯವರ ಎದುರು ಕರೋಕೆ ಹಾಡಲು ಹೇಳಿದರು. ಹಾಡುವ ಮೊದಲು ಕೆಲವರು ‘ನನಗೆ ಆತಂಕ’ ಅನ್ನಬೇಕು, ಕೆಲವರು ‘ನಾನು ಎಕ್ಸೈಟ್ ಆಗಿದ್ದೇನೆ’ ಅನ್ನಬೇಕು. ಎರಡನೆಯವರು ಚೆನ್ನಾಗಿ ಹಾಡಿದರು. ಎಕ್ಸೈಟ್‌ಗೆ ಕನ್ನಡದಲ್ಲಿ ಸರಿಯಾಗಿ ಕೂರುವ ಒಂದೇ ಪದ ನನಗೆ ಸಿಕ್ಕಿಲ್ಲ. ‘ಹುರುಪು’ ಹತ್ತಿರ ಬರುತ್ತದೆ, ಜಾತ್ರೆಗೆ ಹೊರಟವರ ಹುರುಪು. ಭಯದಿಂದ ಶಾಂತಿಗೆ ಬರಬೇಕಾದರೆ ಎದೆಬಡಿತ ಇಳಿಯಬೇಕು, ಅದು ನಮ್ಮ ಮಾತು ಕೇಳುವುದಿಲ್ಲ. ಭಯದಿಂದ ಹುರುಪಿಗೆ ಬರಲು ಎದೆ ಬಡಿಯುತ್ತಲೇ ಇರಬಹುದು, ಹೆಸರು ಮಾತ್ರ ಬದಲು.

ಮಾತ್ರೆಯ ವಿಷಯವನ್ನೂ ಹೇಳಿಬಿಡಬೇಕು, ಯಾಕಂದರೆ ಪಿಸುಮಾತಿನಲ್ಲಿ ಓಡಾಡುತ್ತದೆ. ಪ್ರೊಪ್ರಾನೊಲಾಲ್ ಹೃದಯದ ಔಷಧಿ. ಅದನ್ನು ಕಂಡುಹಿಡಿದ ಜೇಮ್ಸ್ ಬ್ಲ್ಯಾಕ್‌ಗೆ 1988ರಲ್ಲಿ ನೊಬೆಲ್ ಬಂತು. ಅಡ್ರಿನಲಿನ್ ಕೂರುವ ಜಾಗಗಳಲ್ಲಿ ತಾನೇ ಹೋಗಿ ಕೂತು ನಡುಕ, ಎದೆಬಡಿತ ಎರಡನ್ನೂ ತಗ್ಗಿಸುತ್ತದೆ. 1987ರಲ್ಲಿ ಅಮೆರಿಕದ ವಾದ್ಯವೃಂದಗಳ 2,212 ಸಂಗೀತಗಾರರ ಸಮೀಕ್ಷೆ ಮಾಡಿದಾಗ, ಶೇ. 27ರಷ್ಟು ಜನ ಈ ಬಗೆಯ ಮಾತ್ರೆ ತಗೊಂಡಿದ್ದೇವೆ ಅಂದರು. ಆಸ್ತಮಾ ಇರುವವರಿಗೆ ಇದು ಜೀವಕ್ಕೇ ಅಪಾಯ. ಡಾಕ್ಟರ್ ಹೇಳದೆ, ಪಕ್ಕದವರು ಕೊಟ್ಟರು ಅಂತ ನುಂಗುವ ವಸ್ತು ಅಲ್ಲ. ಅದು ಕಾಲಿನ ನಡುಕ ನಿಲ್ಲಿಸಬಹುದು, ಸರ್ಕಲ್ಲಿನಲ್ಲಿ ಯಾವ ಕಡೆ ತಿರುಗಬೇಕು ಅಂತ ಹೇಳಿಕೊಡುವುದಿಲ್ಲ.

ಕೇಳುವವರಿಗೆ ನಮ್ಮ ತಪ್ಪು ಎಷ್ಟು ಗೊತ್ತಾಗುತ್ತದೆ? ಬ್ರೂನೊ ರೆಪ್ ಅನ್ನುವ ಸಂಶೋಧಕ 1996ರಲ್ಲಿ ಇದನ್ನೇ ಕೆದಕಿದ. ನುರಿತ ವಿದ್ಯಾರ್ಥಿಗಳು ನುಡಿಸಿದ್ದನ್ನು ಕಂಪ್ಯೂಟರಿನಲ್ಲಿ ದಾಖಲಿಸಿ ತಪ್ಪುಗಳನ್ನು ಒಂದೊಂದಾಗಿ ಎಣಿಸಿದ. ಆಮೇಲೆ ಪಿಯಾನೊ ನುಡಿಸುವವರಿಗೇ ಅದನ್ನು ಕೇಳಿಸಿ ತಪ್ಪು ಹುಡುಕಲು ಹೇಳಿದ. ಅರ್ಧಕ್ಕಿಂತ ಜಾಸ್ತಿ ತಪ್ಪುಗಳು ಅವರ ಕಿವಿಗೆ ಬೀಳಲೇ ಇಲ್ಲ. ಪಿಯಾನೊದವರ ಕಥೆಯೇ ಹೀಗಾದರೆ, ಮೊಮ್ಮಗಳ ಸರದಿ ಯಾವಾಗ ಅಂತ ಕಾಯುತ್ತಿರುವ ಅಜ್ಜಿಗೆ ನಿಮ್ಮ ಒಂದು ತಪ್ಪು ಸ್ವರ ಎಲ್ಲಿ ಕೇಳಿಸಬೇಕು? ಅವರಿಗೆ ಕೇಳಿಸುವುದು ನೀವು ನಿಲ್ಲಿಸಿದ್ದು. ಕಾಣಿಸುವುದು ನೀವು ಮುಖ ಕಿವುಚಿದ್ದು.

ಮರುವರ್ಷ ಅದೇ ಸಭಾಂಗಣ, ಅದೇ ಪ್ಲಾಸ್ಟಿಕ್ ಕುರ್ಚಿಗಳು. ಹಟಕ್ಕೆ ಬಿದ್ದು ಮತ್ತೆ ಫ್ಯೂರ್ ಎಲೀಸ್ ಕೊಟ್ಟೆ. ಹೆಸರು ಕೂಗಿದಾಗ ಎದೆ ಹೋದ ವರ್ಷದಷ್ಟೇ ಬಡಿಯುತ್ತಿತ್ತು, ಒಂದು ಗುಲಗಂಜಿಯಷ್ಟೂ ಕಮ್ಮಿ ಇಲ್ಲ. ಸ್ಟೂಲ್ ತಗ್ಗಿಸಿದೆ. ಎರಡು ಉದ್ದ ಉಸಿರು. ಮೊದಲ ಸಾಲನ್ನು ಮನಸ್ಸಿನಲ್ಲೇ, ಬೇಕಾದ ವೇಗದಲ್ಲಿ ಒಮ್ಮೆ ಕೇಳಿಕೊಂಡು ಆಮೇಲೆ ಕೈ ಇಟ್ಟೆ. ಎರಡನೇ ಸಾಲಿಗೆ ಕಾಲು ಸರಿಯಾಗಿ ಹಾಜರಾಯಿತು, ಟಕಟಕ. ಬಾರಪ್ಪ ಅಂದುಕೊಂಡೆ. ಹಿಮ್ಮಡಿ ಗಟ್ಟಿಯಾಗಿ ಊರಿ, ಮನಸ್ಸಿನಲ್ಲಿ ‘ಮೊದಲನೇ ಸರ್ಕಲ್, ಎಫ್ ಮೇಜರ್’ ಅಂದೆ. ತಿರುಗಿದೆ. ಅಲ್ಲೊಂದು ಸ್ವರ ತಪ್ಪಿತು, ಎಡಗೈ ನಡೆಯಿತು. ‘ಎರಡನೇ ಸರ್ಕಲ್, ಕತ್ತಲೆ ರಸ್ತೆ.’ ಅಷ್ಟರಲ್ಲಿ ಕಾಲು ಯಾವಾಗ ಸುಮ್ಮನಾಗಿತ್ತೋ ನನಗೆ ಗೊತ್ತಿಲ್ಲ. ಮೂರನೇ ಸರ್ಕಲ್. ಗಾಡಿ ನಿಲ್ಲಿಸಿದೆ.

ಕೆಳಗಿಳಿದು ಬರುವಾಗ ಹೋದ ವರ್ಷದ ಆ ಹುಡುಗ, ಈಗ ಎಂಟು ವರ್ಷದವನು, ಸಮೋಸಾ ತಿನ್ನುತ್ತಾ ಬಾಗಿಲಲ್ಲಿ ನಿಂತಿದ್ದ. ನನ್ನನ್ನು ನೋಡಿ ಕಣ್ಣರಳಿಸಿದ.

“ಅಂಕಲ್, ಈ ಸಲ ಮುಗೀತಲ್ಲಾ!”